ಏಳನೇ ನಂಬರ್ ರೂಮಿನ ನಗು

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಹುಲ್ಲಿನ ಟೋಪಿ ನೇತಾಡುತ್ತಿರುತ್ತದೆ. ಅಗಲ ಅಂಚಿನದು, ಸುತ್ತ ಕೆಂಪು ರಿಬ್ಬನ್ನು, ರಿಬ್ಬನ್ನಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ದಾಸವಾಳ. ಬೇಸಿಗೆಯಲ್ಲಿ ತರಕಾರಿಗೆ ಹೊರಟರೆ ನಾನು ಅದನ್ನೇ ಹಾಕಿಕೊಳ್ಳುವುದು. ತಲೆಯ ಮೇಲಿನ ಕೂದಲೆಂಬ ಚಪ್ಪರ ಹಾರಿಹೋದ ಮೇಲೆ ಗಿರಿನಗರದ ಬಿಸಿಲು ಬೇರೆ ಯಾರನ್ನೂ ಮುಟ್ಟದೆ ನೆಟ್ಟಗೆ ನನ್ನ ಹತ್ತಿರವೇ ಬರುತ್ತದೆ ಎಂದು ನನ್ನ ಗುಮಾನಿ. ಆ ದಾಸವಾಳವನ್ನಾದರೂ ಕಿತ್ತುಹಾಕಿ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ. ಸೊಪ್ಪಿನ ಗಾಡಿಯಾಕೆ ಮಾತ್ರ ಗೋವಾದಿಂದ ತಂದಿರಾ ಎಂದು ಗೌರವದಿಂದ ವಿಚಾರಿಸಿದಳು. ಇಲ್ಲಮ್ಮ, ಬನಶಂಕರಿಯಲ್ಲಿ ಸಿಕ್ಕಿದ್ದು ಎಂದರೆ ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಆದರೆ ಬನಶಂಕರಿ ಎರಡನೇ ಹಂತದಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಸಮುದ್ರವಿತ್ತು. ಸಮುದ್ರದ ನಡುವೆ ದ್ವೀಪವಿತ್ತು. ದ್ವೀಪದ ಮೇಲೊಂದು ಮುರುಕಲು ರೆಸಾರ್ಟು. ನಾನು ಕಣ್ಣಾರೆ ಕಂಡವನು, ಟೋಪಿ ಸಾಕ್ಷಿಗಿದೆ.

ಸಮುದ್ರಕ್ಕೆ ಇಳಿಯುವ ಮೊದಲು ನಮ್ಮ ಪದ್ದತ್ತೆಯ ನಗುವಿನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪದ್ದತ್ತೆ ಎಂದರೆ ಪದ್ಮಾವತಿ, ನಮ್ಮ ತಂದೆಯ ತಂಗಿ. ಮದುವೆಯಾಗಿ ಬಂದಾಗಿನಿಂದ ಬನಶಂಕರಿಯ ಅದೇ ಮನೆ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆ ಪೂರ್ತಿ ಅಲ್ಲೇ ಕಳೆಯುತ್ತಿದ್ದೆ. ಆಗ ಮನೆಯ ಆಚೆಗೆ ಬಂಡೆ, ಕುರುಚಲು ಗಿಡ, ಮೇಯುವ ಎಮ್ಮೆ ಇಷ್ಟೇ. ಒಳಗೆ ಕಾಲಿಟ್ಟರೆ ತಣ್ಣಗೆನ್ನಿಸುವ ಕೆಂಪು ನೆಲ, ಮಹಡಿಯ ಮೇಲೆ ಒಣಗುವ ಮಜ್ಜಿಗೆ ಮೆಣಸಿನಕಾಯಿಯ ಘಾಟು, ಅದಕ್ಕೆ ಕಾಗೆ ಕಾಯುವ ಕೆಲಸ ನನ್ನದು. ನಾನು ಮೆಣಸಿನಕಾಯಿ ಕಾಯುತ್ತಲೇ ಎರಡು ತಿಂದು ಬಾವಿಯ ಕಡೆಗೆ ಓಡಿದ್ದನ್ನು ಕಂಡು ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದೇ ನನ್ನ ನೆನಪಿನಲ್ಲಿರುವ ಆಕೆಯ ಮೊದಲ ನಗು.

ಅದು ಸಾಮಾನ್ಯ ನಗುವಲ್ಲ. ಮೊದಲು ಶಬ್ದವೇ ಇರುವುದಿಲ್ಲ, ಭುಜ ಮಾತ್ರ ಕುಲುಕುತ್ತದೆ. ಆಮೇಲೆ ಉಸಿರು ಒಳಕ್ಕೆ ಎಳೆದುಕೊಳ್ಳುವ ಒಂದು "ಹ್ಹೀಂ". ಬೋರ್‌ವೆಲ್ಲಿನ ಕೈಪಂಪು ಒತ್ತಿದಾಗ ಒಳಗೆಲ್ಲೋ ನೀರು ಹತ್ತುವ ಸದ್ದು ಬರುತ್ತದಲ್ಲ, ಹಾಗೆ. ಅದು ಕೇಳಿಸಿತೆಂದರೆ ಹತ್ತಿರವಿದ್ದವರು ಸಿದ್ಧವಾಗಬೇಕು. ಮರುಕ್ಷಣ ಧಾರೆ. ಒಂದರ ಮೇಲೊಂದು ಮೆಟ್ಟಿಲು ಹತ್ತಿ, ತುದಿಗೆ ಹೋಗಿ, ಅಲ್ಲಿಂದ ಜಾರಿ, ಮತ್ತೆ ಹತ್ತಿ, ಬೀದಿಯ ಕೊನೆಯವರೆಗೆ ಹೋಗಿ ಬರುವ ನಗು. ಅತ್ತೆಗಿನ್ನೂ ಮದುವೆಯಾಗಿರದಾಗ, ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ಪುರೋಹಿತರ ಜುಟ್ಟಿಗೆ ಸೇವಂತಿಗೆ ದಳ ಅಂಟಿಕೊಂಡಿದ್ದನ್ನು ನೋಡಿ ಆಕೆ ನಕ್ಕಾಗ, ಪಾಪ, ಅವರು ಮಂತ್ರ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನೇ ಮರೆತು ಮೊದಲಿನಿಂದ ಶುರುಮಾಡಿದರಂತೆ. ಚಿಕ್ಕಪ್ಪನಿಗೆ ಎರಡು ಸಲ ಮದುವೆಯಾಗಿದೆ ಎಂದು ನಾವು ಈಗಲೂ ರೇಗಿಸುವುದುಂಟು.

ಆದರೆ ಅತ್ತೆ ಸೇರಿದ ಮನೆ ಇಂಥ ನಗುವನ್ನು ಸಹಿಸುವಂಥದಲ್ಲ. ಸೊಸೆ ಬಂದ ವಾರದಲ್ಲೇ ಅತ್ತೆಯ ಅತ್ತೆ ಗೌರಮ್ಮನವರು ಆಕೆಯನ್ನು ಕರೆದು ಕೂರಿಸಿ, ನಮ್ಮ ಮನೆ ಹೆಂಗಸರ ನಗು ಹೊಸಿಲು ದಾಟೋದಿಲ್ಲ ಎಂದು ಮೆತ್ತಗೆ ಹೇಳಿದರಂತೆ. ಅಲ್ಲಿಂದ ಪದ್ದತ್ತೆ ಸೆರಗಿನೊಳಗೆ ನಗುವುದನ್ನು ಕಲಿತಳು. ಸೆರಗು ಸಾಲದಾದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಗುತ್ತಿದ್ದಳು. ಊಟದ ಹೊತ್ತಿನಲ್ಲಿ ಅತ್ತೆಯನ್ನು ನಗಿಸುವುದು ನಮ್ಮಂಥ ಮಕ್ಕಳಿಗೆ ಪಂದ್ಯ. ಆಕೆ ಬಡಿಸುವ ಸೌಟು ಕೆಳಗಿಟ್ಟು ಎದ್ದು ಹೋದಳೆಂದರೆ, ಬಚ್ಚಲಿನಿಂದ ನೀರಿನ ಸದ್ದು ಬಂತೆಂದರೆ, ಗೆದ್ದೆವು. ಗೌರಮ್ಮನವರು ಹೋಗಿ ಎಷ್ಟೋ ವರ್ಷಗಳಾದವು. ನಲ್ಲಿ ಬಿಡುವ ಅಭ್ಯಾಸ ಹೋಗಲಿಲ್ಲ. ಶ್ರೀಪತಿ ಮಾವ, ಅಂದರೆ ಅತ್ತೆಯ ಗಂಡ, ಒಂದು ಸಲವೂ ಆಕೆಯನ್ನು ನಗಬೇಡ ಎಂದವರಲ್ಲ, ನಗು ಎಂದವರೂ ಅಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆಗಳನ್ನು ನೋಡಿಕೊಳ್ಳುತ್ತಿದ್ದ ಮನುಷ್ಯ. ಮಾತೂ ಸೇತುವೆಯಷ್ಟೇ. ತೀರಾ ಅಗತ್ಯವಿದ್ದ ಕಡೆ ಮಾತ್ರ.

ಈಗ ಸಮುದ್ರ.

ಅತ್ತೆಯ ಮನೆಯ ಹಿಂದೆ, ಅಡುಗೆಮನೆಯ ಕಿಟಕಿಗೆ ಎದುರಾಗಿ, ಮುಚ್ಚಿಹೋದ ಒಂದು ಮದುವೆ ಛತ್ರವಿದೆ. ಅದನ್ನು ಕಟ್ಟಿಸಿದವರು ಹುಮ್ಮಸ್ಸಿನಲ್ಲಿ ಹಿಂದೊಂದು ಈಜುಕೊಳವನ್ನೂ ಮಾಡಿಸಿ, ಸುತ್ತ ತೆಂಗು ನೆಟ್ಟಿದ್ದರು. ಅಣ್ಣತಮ್ಮಂದಿರು ಜಗಳವಾಡಿ ಕೋರ್ಟಿಗೆ ಹೋದ ಮೇಲೆ ಛತ್ರಕ್ಕೆ ಬೀಗ ಬಿತ್ತು, ಕೊಳದಲ್ಲಿ ಕಪ್ಪೆ ಸೇರಿದವು, ತೆಂಗು ಮಾತ್ರ ಯಾರ ಕಡೆಯೂ ಸೇರದೆ ಎತ್ತರಕ್ಕೆ ಬೆಳೆಯಿತು. ಕೆಲವು ವರ್ಷಗಳ ಹಿಂದಿನ ಒಂದು ಏಪ್ರಿಲ್‌ನಲ್ಲಿ ಅತ್ತೆ ಫೋನು ಮಾಡಿ, ಹಿತ್ತಲಲ್ಲಿ ಯಾರೋ ಸಿನಿಮಾ ತೆಗೀತಿದಾರೆ, ಮರಳು ಸುರೀತಿದಾರೆ, ಬಾ ಎಂದಳು. ನಾನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುವವನು. ರಜೆ ಇತ್ತು. ರಜೆ ಇಲ್ಲದಿದ್ದರೂ ಹೋಗುತ್ತಿದ್ದೆನೇನೋ.

ನಿರ್ದೇಶಕನ ಹೆಸರು ಈರಣ್ಣ. ಹುಬ್ಬಳ್ಳಿ ಕಡೆಯ, ತೆಳ್ಳಗಿನ, ಸದಾ ಏನೋ ಕಳೆದುಕೊಂಡವನಂತೆ ಕಾಣುವ ಯುವಕ. ಬಿಟಿಎಂನಲ್ಲಿ ಬಾಡಿಗೆ ರೂಮು. ಅದಕ್ಕೂ ಮೊದಲು ಮಡಿವಾಳದ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ನಿನಲ್ಲಿದ್ದವನು. ಫ್ಯಾನು ತಿರುಗದ, ನಲ್ಲಿಯಲ್ಲಿ ಗಾಳಿ ಬರುವ ಆ ಲಾಡ್ಜನ್ನೇ ಎತ್ತಿ ಸಮುದ್ರದ ನಡುವೆ ಇಟ್ಟು ಕಥೆ ಮಾಡಿಕೊಂಡಿದ್ದ. ದ್ವೀಪದ ಮೇಲೊಂದು ಪಾಳುಬಿದ್ದ ರೆಸಾರ್ಟು. ವಾರಕ್ಕೊಮ್ಮೆ ಮಾತ್ರ ದೋಣಿ. ಬಂದು ಸಿಕ್ಕಿಹಾಕಿಕೊಂಡ ಅತಿಥಿಗಳಿಗೆ ಅದು ಸ್ವರ್ಗವೆಂದು ನಂಬಿಸಲು ಒದ್ದಾಡುವ ವಯಸ್ಸಾದ ಮ್ಯಾನೇಜರು. ಸಮುದ್ರ ಕಾಣುವ ಕೋಣೆ ಬೇಕೆಂದವರಿಗೆ ಕಿಟಕಿಯಿಲ್ಲದ ಕೋಣೆ ಕೊಟ್ಟು ಗೋಡೆಗೆ ಸಮುದ್ರದ ಕ್ಯಾಲೆಂಡರು ತಗುಲಿಹಾಕುವವನು. ರೆಸಾರ್ಟಿನ ಹೆಸರು 'ನಂದನ ದ್ವೀಪ'. ಪಾಳುಬಿದ್ದದ್ದು ಕಾಣಲಿ ಎಂದು ಬೋರ್ಡಿನಿಂದ ಒಂದು ಅಕ್ಷರ ಕಿತ್ತಿದ್ದರು. 'ನಂದ ದ್ವೀಪ' ಎಂದು ಓದಿದ ಬೀದಿಯವರು ಅದನ್ನು ನಂದಾದೀಪ ಮಾಡಿ, ವೃದ್ಧಾಶ್ರಮ ಬರುತ್ತಿದೆ ಎಂದು ಸುದ್ದಿ ಹಬ್ಬಿಸಿದರು. ಇಬ್ಬರು ಹಿರಿಯರು ಬಂದು ಊಟದಲ್ಲಿ ಈರುಳ್ಳಿ ಹಾಕುತ್ತೀರಾ ಎಂದು ಕೇಳಿಕೊಂಡೂ ಹೋದರು.

ಮೊದಲ ದಿನ ನನಗೆ ನಗುವೇ ಬಂತು. ಕಟ್ಟಡದ ಕೆಲಸಕ್ಕೆ ತರುವ ಮರಳಿನ ಗುಡ್ಡೆ. ಅದು ತಮಗೇ ತರಿಸಿದ್ದೆಂದು ಬೀದಿಯ ಬೆಕ್ಕುಗಳೆಲ್ಲ ಬಂದು ಉಪಯೋಗಿಸಿಕೊಂಡವು. ನೀಲಿ ಬಳಿದ ಕೊಳದಲ್ಲಿ ಇಬ್ಬರು ಸೊಂಟದವರೆಗೆ ನಿಂತು ಹಲಗೆಯಿಂದ ನೀರು ತಳ್ಳುತ್ತಿದ್ದರು, ಅದು ಅಲೆ. ಹಿಂದೆ ಮೊಬೈಲ್ ಟವರು, ಪಕ್ಕದ ಮನೆಯ ಸಿಂಟೆಕ್ಸು, ಒಣಗಲು ಹಾಕಿದ ಪಂಚೆ. ಇದೆಂಥ ದ್ವೀಪವಪ್ಪ ಎಂದುಕೊಂಡೆ. ಆಗ ಈರಣ್ಣ ಕೈಹಿಡಿದು ಕರೆದು ಮಾನಿಟರಿನ ಮುಂದೆ ನಿಲ್ಲಿಸಿದ.

ನಾನು ನೋಡಿದ್ದನ್ನು ಹೇಗೆ ಹೇಳಲಿ? ಅಲ್ಲಿ ಸಮುದ್ರವಿತ್ತು. ಬೆಳಗಿನ ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಹೊಳೆಯುತ್ತಿತ್ತು, ತೆಂಗಿನ ಗರಿಯೊಂದು ಸೋಮಾರಿಯಾಗಿ ಬಾಗಿತ್ತು, ಅದರಾಚೆ ಕೊನೆಯೇ ಇಲ್ಲ ಅನ್ನಿಸುವಂಥ ಬೆಳಕು. ತಲೆಯೆತ್ತಿದೆ, ಪಂಚೆ. ತಲೆ ತಗ್ಗಿಸಿದೆ, ಸಮುದ್ರ. ಮತ್ತೆ ಎತ್ತಿದೆ, ಮತ್ತೆ ತಗ್ಗಿಸಿದೆ. ನಲವತ್ತು ವರ್ಷ ಓಡಾಡಿದ ಬನಶಂಕರಿ ಆ ಚೌಕದೊಳಗೆ ಎಲ್ಲಿ ಹೋಗಿ ಅಡಗಿತೋ ತಿಳಿಯಲಿಲ್ಲ. ಮೈಮೇಲೆ ಮುಳ್ಳೆದ್ದಿತು. ಮಧ್ಯಾಹ್ನ ಅವರು ಅತಿಥಿಗಳ ಗುಂಪಿಗೆ ಒಬ್ಬರು ಕಡಿಮೆಯೆಂದು ನನ್ನನ್ನು ಕರೆದಾಗ ಒಂದು ಮಾತೂ ಎದುರಾಡದೆ ಅವರು ಕೊಟ್ಟ ಹುಲ್ಲಿನ ಟೋಪಿ ಹಾಕಿಕೊಂಡು ನಿಂತೆ. ಸಿನಿಮಾದಲ್ಲಿ ನನ್ನ ಮುಖ ಬಂದಿಲ್ಲ. ದಾಸವಾಳ ಸ್ಪಷ್ಟವಾಗಿ ಬಂದಿದೆ.

ಮ್ಯಾನೇಜರಿನ ಪಾತ್ರ ಮಾಡಿದವರು ರಂಗಭೂಮಿಯ ಹಳೆಯ ನಟರು. ಬಿಡುವಿನಲ್ಲಿ ಮಂಡಿನೋವಿನ ಎಣ್ಣೆಯ ಬಗ್ಗೆ ಮಾತಾಡುತ್ತ ಕೂತಿರುತ್ತಿದ್ದವರು, ಶಾಟ್ ಎಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಇನ್ನೊಬ್ಬರಾಗಿಬಿಡುತ್ತಿದ್ದರು. ಆ ದಿನದ ದೃಶ್ಯ ಊಟದ್ದು. ರೆಸಾರ್ಟಿನ ಅಡಿಗೆಯವನಿಗೆ ಉಪ್ಪಿಟ್ಟು ಬಿಟ್ಟು ಬೇರೇನೂ ಬರುವುದಿಲ್ಲ. ಬೆಳಿಗ್ಗೆ ಅದು 'ಐಲ್ಯಾಂಡ್ ಬ್ರೇಕ್‌ಫಾಸ್ಟ್'. ಮಧ್ಯಾಹ್ನ ತೆಂಗಿನ ಚಿಪ್ಪಿನೊಳಗೆ, ಮೇಲೊಂದು ಕಾಗದದ ಕೊಡೆ ಚುಚ್ಚಿಸಿಕೊಂಡು ಬಂದರೆ 'ಟ್ರಾಪಿಕಲ್ ಸರ್ಪ್ರೈಸ್'. ಮ್ಯಾನೇಜರು ರಾಜಮನೆತನದ ಗಾಂಭೀರ್ಯದಿಂದ ಮುಚ್ಚಳ ತೆಗೆಯುತ್ತಾರೆ. ಅತಿಥಿ ಕೊಡೆ ಎತ್ತಿ ಕೆಳಗೆ ನೋಡುತ್ತಾನೆ. ಮೌನ. ಆ ಮೌನದಲ್ಲೇ ದೃಶ್ಯದ ಜೀವ. ಶೂಟಿಂಗಿನಲ್ಲೇ ಧ್ವನಿಯನ್ನೂ ಹಿಡಿಯುತ್ತಿದ್ದುದರಿಂದ ಇಡೀ ಗುಂಪು ಉಸಿರು ಬಿಗಿಹಿಡಿದು ನಿಂತಿತ್ತು.

"ಹ್ಹೀಂ" ಎಂದಿತು ಅಡುಗೆಮನೆಯ ಕಿಟಕಿ.

ನನಗೆ ತಿಳಿದುಹೋಯಿತು. ಆದರೆ ಬೋರ್‌ವೆಲ್ಲಿಗೆ ಕೈ ಅಡ್ಡ ಹಿಡಿಯಲು ಯಾರಿಗೆ ಸಾಧ್ಯ? ನಗು ಕಿಟಕಿ ದಾಟಿ, ಕೊಳ ದಾಟಿ, ದ್ವೀಪದ ತುಂಬ ಹರಡಿತು. ಶಾಟು ಹಾಳಾಯಿತು. ಅತ್ತೆ ಕಿಟಕಿ ಮುಚ್ಚಿದಳು. ಎರಡನೇ ಸಲ ಮುಚ್ಚಿದ ಕಿಟಕಿಯ ಹಿಂದಿನಿಂದ ಅದೇ ನಗು, ಸ್ವಲ್ಪ ಉಸಿರುಕಟ್ಟಿದಂತೆ, ಹಿಂದೆ ನಲ್ಲಿಯ ಸದ್ದಿನೊಡನೆ ಬಂತು. ಮತ್ತೆ ಹಾಳು.

ಶ್ರೀಪತಿ ಮಾವ ಹಿತ್ತಲ ಬಾಗಿಲಿನಿಂದ ಹೊರಬಂದರು. ಶರ್ಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ಇಲಾಖೆಯ ಪರವಾಗಿ ವಿಷಾದ ತಿಳಿಸುವವರಂತೆ ಈರಣ್ಣನ ಮುಂದೆ ನಿಂತು, ಇನ್ನು ಹೀಗಾಗುವುದಿಲ್ಲ, ಕಿಟಕಿಗೆ ಹಲಗೆ ಹೊಡೆಸುತ್ತೇನೆ ಎಂದರು.

ಈರಣ್ಣನ ಕಣ್ಣು ಒದ್ದೆಯಾಗಿತ್ತು. ಸಿಟ್ಟಿಗೆ ಎಂದುಕೊಂಡೆ.

"ಹಲಗಿ ಹೊಡಿಸಬ್ಯಾಡ್ರಿ ಸರ," ಎಂದ. "ಈ ಸೀನ್ ಎಷ್ಟ್ ಸಲ ಬರದೀನಿ, ಎಷ್ಟ್ ಸಲ ಓದೀನಿ ಅಂದ್ರ, ಇದರಾಗ ನಗು ಐತೋ ಇಲ್ಲೋ ಅನ್ನೂದ ನನಗ ಮರ್ತು ಹೋಗಿತ್ತು. ನಮ್ಮ ಹುಡುಗ್ರು ಯಾರೂ ನಗೂದಿಲ್ಲ, ಅವರಿಗೂ ಸಾಕಾಗೇತಿ. ರಾತ್ರಿ ನಿದ್ದಿ ಇಲ್ರಿ ನನಗ. ಅಮ್ಮಾರು ನಕ್ಕಾಗ ಗೊತ್ತಾತು, ಐತಿ ಅಂತ."

ಆಮೇಲೆ ಅವನು ಕೇಳಿದ್ದು ಹೀಗೆ. ಕಥೆಯಲ್ಲಿ ಏಳನೇ ನಂಬರ್ ರೂಮಿನಲ್ಲಿ ಒಬ್ಬ ಅತಿಥಿ ಇದ್ದಾರೆ. ಯಾವತ್ತೋ ಬಂದವರು, ಬಾಗಿಲು ತೆರೆಯುವುದಿಲ್ಲ, ಯಾರೂ ಅವರನ್ನು ನೋಡಿಲ್ಲ. ಈ ಅತಿಥಿ ಏನು ಮಾಡಬೇಕೆಂದು ಅವನಿಗೆ ಇಷ್ಟು ದಿನ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಮ್ಯಾನೇಜರು ಸುಳ್ಳು ಹೇಳಿದಾಗಲೆಲ್ಲ ಆ ಮುಚ್ಚಿದ ಬಾಗಿಲ ಹಿಂದಿನಿಂದ ನಗು ಬರುತ್ತದೆ. ಆ ನಗು ಅಮ್ಮನವರದಾಗಬೇಕು.

ಹೊಸಿಲ ಒಳಗೇ ನಿಂತಿದ್ದ ಅತ್ತೆ, ಛೆ, ಈ ವಯಸ್ಸಲ್ಲಿ ಎಂದು ಮಾವನ ಮುಖ ನೋಡಿದಳು. ಮಾವ, ಯೋಚಿಸಿ ಹೇಳುತ್ತೇವೆ ಎಂದು ಬಾಗಿಲು ಹಾಕಿಕೊಂಡರು. ಅವರು ಹಾಗೆಂದರೆ ಏನರ್ಥ ಎಂಬುದು ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಅವರು ಯೋಚಿಸುತ್ತೇನೆಂದ ಮಹಡಿಯ ಮೆಟ್ಟಿಲಿನ ಕಂಬಿ ಇನ್ನೂ ಬಂದಿಲ್ಲ.

ಮುಂದಿನ ವಾರವೆಲ್ಲ ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಸುಳಿಯಲಿಲ್ಲ. ತರಕಾರಿ ಹೆಚ್ಚಲು ಬೀದಿ ಕಡೆಯ ಕೋಣೆಗೆ ಹೋಗುತ್ತಿದ್ದಳು. ನಾನು ಹೋಗಿ ಏನಾದರೂ ತಮಾಷೆ ಹೇಳಿದರೆ ಹೌದೇನೋ ಎಂದು ಸುಮ್ಮನಾಗುತ್ತಿದ್ದಳು. ಬಚ್ಚಲಿನ ನಲ್ಲಿಯ ಸದ್ದೂ ಇರಲಿಲ್ಲ. ಹಿಂದೆ ಶೂಟಿಂಗು ಮುಗಿದು ಮರಳು ಹೇರಿಕೊಂಡು ಹೋದರು, ಕೊಳದ ನೀರು ಇಳಿಯಿತು, ಸಮುದ್ರ ಬಂದ ಹಾಗೇ ಹೋಯಿತು. ಬೆಕ್ಕುಗಳು ಕೆಲವು ದಿನ ಹುಡುಕಿದವು.

ಮಳೆಗಾಲದ ಒಂದು ಬೆಳಿಗ್ಗೆ ಮಾವ ಫೋನು ಮಾಡಿದರು. ಅವರು ಫೋನು ಮಾಡುವುದೆಂದರೆ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ಚಪ್ಪಲಿ ಹುಡುಕುತ್ತಲೇ ಎತ್ತಿದೆ.

"ಕಾರ್ ತರ್ತೀಯಾ? ಪದ್ದೂನ ಜೆ.ಪಿ. ನಗರಕ್ಕೆ ಕರ್ಕೊಂಡು ಹೋಗ್ಬೇಕು."

"ಯಾಕೆ ಮಾವ, ಏನಾಯ್ತು?"

"ನಗೋಕ್ಕೆ," ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ಮನೆ ತುಂಬಾ ಸುಮ್ಮನಾಗ್ಬಿಟ್ಟಿದೆ ಕಣೋ," ಎಂದರು.

ಈರಣ್ಣನ ನಂಬರು ಹುಡುಕಿ ಅವರೇ ಮಾತಾಡಿ ದಿನ ಗೊತ್ತುಮಾಡಿದ್ದರು. ಜೆ.ಪಿ. ನಗರದ ಆ ಸ್ಟುಡಿಯೋ ಒಂದು ಹಲ್ಲಿನ ಆಸ್ಪತ್ರೆಯ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಗಾಜಿನ ಆಚೆಗೆ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದರು. ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ರೆಕಾರ್ಡಿಂಗ್ ಮಾಡುವ ಹುಡುಗಿ ಸನ್ನೆ ಮಾಡಿದಳು, ನಗಿ ಆಂಟಿ.

ಅತ್ತೆಗೆ ನಗು ಬರಲಿಲ್ಲ.

ಉಪ್ಪಿಟ್ಟಿನ ದೃಶ್ಯ ತೋರಿಸಿದರು. ಅತ್ತೆ ಅದನ್ನು ಸಾವಿನ ಸುದ್ದಿ ಕೇಳುವವಳ ಹಾಗೆ ನೋಡಿದಳು. ಈರಣ್ಣ ಕೋತಿಯಂತೆ ಕುಣಿದ. ನಾನು ನನ್ನ ಮೆಣಸಿನಕಾಯಿಯ ಕಥೆ ಹೇಳಿದೆ. ಅತ್ತೆ ಪ್ರಯತ್ನಪಟ್ಟು ಹಹಹ ಎಂದಳು. ಆ ಸದ್ದು ಕೇಳಿ ಆಕೆಗೇ ನಾಚಿಕೆಯಾಗಿ, ನಗು ಅಂದ್ರೆ ನಲ್ಲಿ ನೀರಾ ತಿರುಗಿಸಿದ ತಕ್ಷಣ ಬರೋಕ್ಕೆ, ನನ್ನ ಬಿಟ್ಟುಬಿಡ್ರಪ್ಪ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರಣ್ಣ ಪೆಚ್ಚಾಗಿ ಕೂತ. ಆ ನಗುವಿಗಾಗಿ ಅವನು ಸಿನಿಮಾದಲ್ಲಿ ಜಾಗ ಬಿಟ್ಟು ಜೋಡಿಸಿದ್ದ. ಅದಿಲ್ಲದೆ ಎಲ್ಲ ಕಡೆ ಬರೀ ಮೌನ.

ಆಗ ಮಾವ ಎದ್ದು, ನಾನು ಒಳಗೆ ಹೋಗಬಹುದೇ ಎಂದು ಕೇಳಿದರು. ಹೋಗಿ ಅತ್ತೆಯ ಎದುರಿನ ಕುರ್ಚಿಯಲ್ಲಿ, ಮೊಣಕಾಲಿನ ಮೇಲೆ ಕೈಯಿಟ್ಟು ಕೂತರು. ಸ್ಪೀಕರಿನಲ್ಲಿ ನಮಗೆ ಎಲ್ಲ ಕೇಳುತ್ತಿತ್ತು.

"ಪದ್ದೂ, ನಿನ್ನ ನೋಡೋಕ್ಕೆ ಬಂದಾಗ ನಾನು ಕಾಲುಚೀಲ ಹಾಕ್ಕೊಂಡಿದ್ನಲ್ಲ, ಅದು ನಂದಲ್ಲ. ನಮ್ಮಣ್ಣಂದು. ಬೊಂಬಾಯಿಂದ ತಂದಿದ್ದು, ನೈಲಾನು."

"ಗೊತ್ತು," ಎಂದಳು ಅತ್ತೆ.

"ಹೆಂಗೆ ಗೊತ್ತು?"

"ಒಂದು ಕರೀದು, ಒಂದು ಕಂದು."

ಮಾವನ ಮುಖದಲ್ಲಿ ಐವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನಿಧಾನವಾಗಿ ಬೇರೆಯೇ ಬಣ್ಣಕ್ಕೆ ತಿರುಗುತ್ತಿರುವುದು ಗಾಜಿನ ಈಚೆಗೆ ನಮಗೂ ಕಂಡಿತು.

"ಎರಡೂ ಕರೀದೇ," ಎಂದರು.

"ಇಲ್ಲ ಅಂದ್ರೆ. ಎಡಗಾಲಿಂದು ಕಂದು."

"ಅಂದ್ರೆ... ನಿಮ್ಮಪ್ಪ ಅವತ್ತೆಲ್ಲ ನನ್ನ ಕಾಲನ್ನೇ ನೋಡ್ತಿದ್ರು. ನಾನು ಬೊಂಬಾಯಿ ನೈಲಾನು ಮೆಚ್ಕೊಂಡು ನೋಡ್ತಿದಾರೆ ಅಂದ್ಕೊಂಡೆ." ಮಾವ ತಮ್ಮ ಪಾದ ನೋಡಿಕೊಂಡರು. "ಅವರಿಗೆ ಚೆನ್ನಾಗಿ ಕಾಣ್ಲಿ ಅಂತ ಮುಂದೆ ಮುಂದೆ ಚಾಚ್ತಾ ಇದ್ದೆ."

ಹಾಗೆನ್ನುತ್ತ ಆ ಗಂಭೀರ ಮನುಷ್ಯ ಕುರ್ಚಿಯಲ್ಲೇ ಒಂದು ಕಾಲು, ಆಮೇಲೆ ಇನ್ನೊಂದು, ಅಂದಿನ ವರನಂತೆ ಸುಸಂಸ್ಕೃತವಾಗಿ ಮುಂದಕ್ಕೆ ಚಾಚಿ ತೋರಿಸಿದರು.

ಅತ್ತೆಯ ಭುಜ ಕುಲುಕಿತು. ರೆಕಾರ್ಡಿಂಗ್ ಹುಡುಗಿಯ ಬೆರಳು ಗುಂಡಿಯ ಮೇಲಿತ್ತು. ಹ್ಹೀಂ. ಆಮೇಲೆ ಬಂದದ್ದಕ್ಕೆ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಬಡಿದುಕೊಂಡಿತು. ಅದುವರೆಗೆ ಆಕೆ ಬಚ್ಚಲಿನಲ್ಲಿ, ಸೆರಗಿನಲ್ಲಿ, ಕಿಟಕಿಯ ಹಿಂದೆ ನಕ್ಕದ್ದನ್ನಷ್ಟೇ ಕೇಳಿದ್ದ ನಾನು ಆ ನಗುವಿನ ಪೂರ್ತಿ ಎತ್ತರವನ್ನು ಆ ದಿನ ಕಂಡೆ. ತಲೆಯೆತ್ತಿ ನೋಡುವಂಥ ಎತ್ತರ. ಹುಡುಗಿ ನಕ್ಕಳು, ನಾನು ನಕ್ಕೆ. ಈರಣ್ಣ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಮೇಲಿನ ಆಸ್ಪತ್ರೆಯಿಂದ ಯಾರೋ ಇಳಿದು ಬಂದು ಬಾಗಿಲು ತಟ್ಟಿದರು. ಮಾವ ಮಾತ್ರ ಕಾಲು ಚಾಚಿಕೊಂಡೇ ಕೂತು ಹೆಂಡತಿಯನ್ನು ನೋಡುತ್ತಿದ್ದರು. ಯಾವುದೋ ಸೇತುವೆ ಪೂರ್ತಿಯಾಗಿ ಬಸ್ಸು ಓಡಾಡುವುದನ್ನು ದಡದಲ್ಲಿ ನಿಂತು ನೋಡುವವರ ಹಾಗೆ.

ಸಿನಿಮಾ ಬಿಡುಗಡೆಯಾದದ್ದು ಮುಂದಿನ ವರ್ಷ. ಜೆ.ಪಿ. ನಗರದ ಒಂದು ಮಾಲಿನ ಮೇಲಂತಸ್ತಿನಲ್ಲಿ ಬೆಳಗಿನ ಆಟಕ್ಕೆ ಹೋದೆವು. ಜನ ಅರ್ಧಕ್ಕೂ ಕಡಿಮೆ. ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ಈರಣ್ಣ ಕೂರಲಾರದೆ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡಿದ್ದ. ಸಮುದ್ರ ಬಂತು, ದ್ವೀಪ ಬಂತು, ನನ್ನ ದಾಸವಾಳವೂ ಬಂದು ಹೋಯಿತು. ಯಾರೂ ನಗಲಿಲ್ಲ. ಯಾರೋ ಪಾಪ್‌ಕಾರ್ನ್ ಜಗಿಯುವ ಸದ್ದು. ಹೊಸ ಸಿನಿಮಾದ ಮುಂದೆ ಜನ ಹೀಗೇ ಕೂತಿರುತ್ತಾರೆ, ಪರಿಚಯವಿಲ್ಲದವರ ಮನೆಗೆ ಊಟಕ್ಕೆ ಹೋದವರ ಹಾಗೆ, ನಗಬಹುದೋ ಬಾರದೋ ಎಂದು ತಿಳಿಯದೆ.

ಮ್ಯಾನೇಜರು ಮುಚ್ಚಳ ತೆಗೆದರು. ಅತಿಥಿ ಕಾಗದದ ಕೊಡೆ ಎತ್ತಿದ. ಮೌನ. ಆ ಮೌನದಲ್ಲಿ ಏಳನೇ ನಂಬರ್ ರೂಮಿನ ಮುಚ್ಚಿದ ಬಾಗಿಲ ಹಿಂದಿನಿಂದ, ಹ್ಹೀಂ.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಫಕ್ಕನೆ ನಕ್ಕ. ಆಮೇಲೆ ನಗು ಪರದೆಯಿಂದ ಇಳಿದು ಬಂತು. ಸಾಲಿನಿಂದ ಸಾಲಿಗೆ, ಕತ್ತಲೆಯಲ್ಲಿ, ಹೊತ್ತಿಕೊಂಡ ಹಾಗೆ. ಯಾರಿಗೂ ಯಾರೂ ಗೊತ್ತಿಲ್ಲ. ಯಾವ ಯಾವುದೋ ಊರಿನಿಂದ ಬಂದು ಯಾವ ಯಾವುದೋ ರೂಮಿನಲ್ಲಿರುವವರು, ಅವರವರ ಚಿಂತೆ ಅವರವರ ಜೇಬಿನಲ್ಲಿ. ಅವರನ್ನೆಲ್ಲ ನಮ್ಮ ಪದ್ದತ್ತೆ ಭುಜ ಹಿಡಿದು ಕುಲುಕುತ್ತಿದ್ದಳು. ಮಾನಿಟರಿನಲ್ಲಿ ಸಮುದ್ರ ಕಂಡಾಗ ಮೈಮೇಲೆದ್ದ ಮುಳ್ಳು ಇದರ ಮುಂದೆ ಏನೂ ಅಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆ ನಗುತ್ತಿರಲಿಲ್ಲ. ಬೆಳಕು ಬಿದ್ದ ಮುಖವನ್ನು ಸ್ವಲ್ಪ ಮೇಲೆತ್ತಿ, ಬಾಯಿ ತೆರೆದುಕೊಂಡು, ಸಂಗೀತ ಕೇಳುವವರ ಹಾಗೆ ಕೇಳುತ್ತಿದ್ದಳು. ಇದು ನಂದೇನಾ ಎಂದು ಮಾವನನ್ನು ಮೆಲ್ಲಗೆ ಕೇಳಿದಳು. ಮಾವ ತಲೆಯಾಡಿಸಿದರು.

ಆ ಸಿನಿಮಾ ದೊಡ್ಡದಾಗಿ ಓಡಿತೆಂದು ಸುಳ್ಳು ಹೇಳುವುದಿಲ್ಲ. ಕೆಲವು ವಾರ ಇತ್ತು, ಇದ್ದಷ್ಟು ದಿನ ಜನ ನಕ್ಕರು, ಈರಣ್ಣನಿಗೆ ಇನ್ನೊಂದು ಸಿನಿಮಾ ಸಿಕ್ಕಿತು. ನಾನು ಹೇಳಬೇಕೆಂದಿದ್ದು ಆಟ ಬಿಟ್ಟ ಮೇಲೆ ಹೊರಗೆ ನಡೆದದ್ದು.

ಎಸ್ಕಲೇಟರಿನ ಹತ್ತಿರ ನಾಲ್ಕೈದು ಹುಡುಗಿಯರು ಗುಂಪುಗೂಡಿ ಆ ನಗುವನ್ನು ಅನುಕರಿಸಲು ಹೆಣಗುತ್ತಿದ್ದರು. ಒಬ್ಬಳು ಹೀಹೀ ಎನ್ನುತ್ತಾಳೆ, ಇನ್ನೊಬ್ಬಳು ಹಾಗಲ್ಲ ಕಣೇ ಎಂದು ಹೋಹೋ ಎನ್ನುತ್ತಾಳೆ. ಯಾರಿಗೂ ಬರುತ್ತಿಲ್ಲ. ಅತ್ತೆ ಅವರನ್ನು ದಾಟಿ ಎರಡು ಹೆಜ್ಜೆ ಹೋದವಳು ನಿಂತಳು. ಹಿಂತಿರುಗಿದಳು. ರೇಷ್ಮೆ ಸೀರೆಯ ಅಜ್ಜಿಯೊಬ್ಬರು ಬಳಿಗೆ ಬಂದದ್ದು ಕಂಡು ಹುಡುಗಿಯರು, ಗಲಾಟೆ ಮಾಡಿದ್ದಕ್ಕೆ ಬೈಯಲು ಬಂದರೆಂದುಕೊಂಡು, ಸಾರಿ ಆಂಟಿ ಎಂದು ಒಟ್ಟಿಗೆ ತಲೆ ತಗ್ಗಿಸಿದರು.

"ಹಂಗಲ್ಲ ಕಣ್ರಮ್ಮ," ಎಂದಳು ಪದ್ದತ್ತೆ. "ಮೊದಲು ಉಸಿರು ಒಳಗೆ ಎಳ್ಕೋಬೇಕು. ಹೊಟ್ಟೆಯಿಂದ. ನೋಡಿ."

ಎಂದವಳೇ ಕೈಚೀಲವನ್ನು ಮಾವನ ಕೈಗೆ ಕೊಟ್ಟು, ಉಸಿರು ಎಳೆದುಕೊಂಡಳು.